ಎಂಟು ಕೆಜಿಯ ಒಳಗಿನ ಪ್ರೀತಿ

ನಮ್ಮನೆಯ ತೂಕದ ಮಷೀನಿನ ಮೇಲೆ ನಾನೊಬ್ಬನೇ ನಿಂತರೆ 78 ಕೆಜಿ. ಬುಗುರಿಯನ್ನ ಎತ್ತಿಕೊಂಡು ನಿಂತರೆ 83.9. ಅಂದರೆ ಬುಗುರಿ 5.9. ಬಟ್ಟೆಯ ಬ್ಯಾಗು 1.4. ಒಟ್ಟು 7.3. ಪಕ್ಕದಲ್ಲಿ ಪೆನ್ಸಿಲ್ ಹಿಡಿದು ನಿಂತಿದ್ದ ಆರು ವರ್ಷದ ಮಗಳು "ಪಾಸ್!" ಅಂತ ಕೂಗಿದಳು. ಬುಗುರಿಗೆ ಏನೂ ಅರ್ಥ ಆಗಲಿಲ್ಲ. ಎಲ್ಲರೂ ಖುಷಿಯಾಗಿದ್ದಾರೆ ಅಂತ ಅದೂ ತನ್ನ ಹೆಸರಿಗೆ ತಕ್ಕ ಹಾಗೆ ನಿಂತಲ್ಲೇ ನಾಲ್ಕು ಸುತ್ತು ತಿರುಗಿತು.

ವಿಷಯ ಏನಂದ್ರೆ, ಆಫೀಸಿನವರು ನನ್ನನ್ನ ಮೂರು ವರ್ಷಕ್ಕೆ ಜರ್ಮನಿಗೆ ಕಳಿಸೋದು ಅಂತ ಆಗಿತ್ತು. ಹೆಂಡತಿ, ಮಗಳು ಜೊತೆಗೆ. ನಾಯಿ? ವಿಮಾನದ ಒಳಗೆ, ನಮ್ಮ ಜೊತೆಗೇ ಕೂರಿಸಿಕೊಂಡು ಹೋಗಬೇಕು ಅಂದ್ರೆ ಯುರೋಪಿನ ಹಲವು ವಿಮಾನ ಕಂಪನಿಗಳ ಲೆಕ್ಕ ಒಂದೇ: ನಾಯಿ ಮತ್ತು ಬ್ಯಾಗು ಸೇರಿ ಎಂಟು ಕೆಜಿ ಮೀರಬಾರದು. ಬ್ಯಾಗು ಮುಂದಿನ ಸೀಟಿನ ಕೆಳಗೆ ಹೋಗಬೇಕು. ಅದರೊಳಗೆ ನಾಯಿ ಎದ್ದು ನಿಲ್ಲೋಕೆ, ಒಂದು ಸುತ್ತು ತಿರುಗೋಕೆ ಜಾಗ ಇರಬೇಕು. ಎಂಟು ಕೆಜಿಯ ಒಳಗಿದ್ದರೆ ಮನೆ ಮಂದಿ, ಆಚೆಗೆ ಹೋದರೆ ಲಗೇಜು. ಇಂಗ್ಲೆಂಡಿಗೆ ಹೋಗೋದಾಗಿದ್ರೆ ಇಷ್ಟೂ ಇಲ್ಲ, ಅಲ್ಲಿಗೆ ಸಾಕುನಾಯಿ ಸಾಮಾನ್ಯವಾಗಿ ಕಾರ್ಗೋದಲ್ಲೇ ಬರಬೇಕು. ಕುರುಡರಿಗೆ ದಾರಿ ತೋರಿಸೋ ಅಂಥ ನಾಯಿಗಳಿಗೆ ಮಾತ್ರ ವಿನಾಯಿತಿ.

ನಾನು ಹುಟ್ಟಿ ಬೆಳೆದಿದ್ದು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ. ನಾಯಿಯನ್ನ ತೂಕ ಹಾಕಬಹುದು ಅನ್ನೋದೇ ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ತೂಕ ಹಾಕ್ತಿದ್ದದ್ದು ಆಲೂಗಡ್ಡೆ ಮೂಟೆ, ಹೊಗೆಸೊಪ್ಪಿನ ಬೇಲು. ಹಾಗಾಗಿ ಈ ಇಡೀ ವ್ಯವಹಾರದ ಬಗ್ಗೆ ನನಗೇ ಒಂಥರಾ ನಾಚಿಕೆ ಇದೆ. ನೀವು ನಕ್ಕರೂ ಬೇಜಾರಿಲ್ಲ. ಆದರೆ ಆ ನಾಲ್ಕೈದು ತಿಂಗಳಲ್ಲಿ ತಲೆಗೆ ಹೊಕ್ಕ ಒಂದು ಪ್ರಶ್ನೆ ಇನ್ನೂ ಹೊರಗೆ ಹೋಗಿಲ್ಲ, ಅದಕ್ಕೇ ಬರೀತಿದ್ದೀನಿ. ಮಾತು ಬಾರದ ಒಂದು ಜೀವವನ್ನ, ಅದರ ಒಪ್ಪಿಗೆ ಕೇಳೋಕೂ ಆಗದೇ ಇರುವಾಗ, "ಪ್ರೀತಿಗೋಸ್ಕರ" ಅಂತ ಹೇಳಿಕೊಂಡು ಏಳು ಸಾವಿರ ಕಿಲೋಮೀಟರ್ ಎತ್ತಿಕೊಂಡು ಹೋಗಬಹುದಾ? ಆ ಪ್ರೀತಿ ಯಾರ ಮೇಲಿನದು?

ಮೊದಲು ಕಾಗದ ಪತ್ರದ ಕತೆ ಹೇಳಿಬಿಡ್ತೀನಿ, ಯಾಕಂದ್ರೆ ಪ್ರಶ್ನೆ ಅಲ್ಲೇ ಹುಟ್ಟಿದ್ದು.

ಯುರೋಪಿನ ಲೆಕ್ಕದಲ್ಲಿ ಭಾರತ ರೇಬೀಸ್ ಹತೋಟಿಯಲ್ಲಿರೋ ದೇಶಗಳ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಮೊದಲು ನಾಯಿಯ ಚರ್ಮದ ಕೆಳಗೆ ಹದಿನೈದು ಅಂಕಿಯ ಮೈಕ್ರೋಚಿಪ್ ಹಾಕಿಸಬೇಕು. ಅದಾದ ಮೇಲೆ ರೇಬೀಸ್ ಲಸಿಕೆ. ಈ ಕ್ರಮ ತಪ್ಪೋ ಹಾಗಿಲ್ಲ. ಲಸಿಕೆ ಮೊದಲು, ಚಿಪ್ ಆಮೇಲೆ ಆದ್ರೆ ಲಸಿಕೆ ಲೆಕ್ಕಕ್ಕಿಲ್ಲ, ಯಾಕಂದ್ರೆ ಆ ಲಸಿಕೆ ಇದೇ ನಾಯಿಗೆ ಬಿದ್ದಿದ್ದು ಅನ್ನೋದಕ್ಕೆ ಗುರುತಿಲ್ಲ. ಲಸಿಕೆ ಆಗಿ ಕನಿಷ್ಠ ಮೂವತ್ತು ದಿನ ಕಳೆದ ಮೇಲೆ ರಕ್ತ ತೆಗೆದು, ಐರೋಪ್ಯ ಒಕ್ಕೂಟ ಒಪ್ಪಿರೋ ಲ್ಯಾಬಿಗೇ ಕಳಿಸಬೇಕು. ರಕ್ತದಲ್ಲಿ ರೇಬೀಸ್ ವಿರುದ್ಧದ ಪ್ರತಿಕಾಯ ಪ್ರತಿ ಮಿಲಿಲೀಟರಿಗೆ ಕನಿಷ್ಠ 0.5 ಐ.ಯು. ಇರಬೇಕು. ಇದ್ದರೆ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಕೊನೆಗೆ, ಅಲ್ಲಿ ಇಳಿಯೋ ಹತ್ತು ದಿನದ ಒಳಗೆ ಸರ್ಕಾರಿ ಪಶುವೈದ್ಯರ ಸಹಿಯಿರೋ ಆರೋಗ್ಯ ಪತ್ರ.

ಸಾಫ್ಟ್‌ವೇರಿನವನಿಗೆ ಇದು ಹೊಸದಲ್ಲ. ಒಂದು ಮುಗಿಯದೆ ಇನ್ನೊಂದು ಶುರುವಾಗದ ಡಿಪೆಂಡೆನ್ಸಿಗಳು. ಎಕ್ಸೆಲ್‌ನಲ್ಲಿ ಶೀಟ್ ಮಾಡಿದೆ, ಬಣ್ಣ ಹಚ್ಚಿದೆ, ಫೋನಿನಲ್ಲಿ ರಿಮೈಂಡರ್ ಇಟ್ಟೆ. ಒಂದೇ ಒಂದು ದಿನಾಂಕ ತಪ್ಪಲಿಲ್ಲ. ಇದನ್ನ ಹೆಮ್ಮೆಯಿಂದ ಅಮ್ಮನಿಗೆ ಫೋನಿನಲ್ಲಿ ಹೇಳ್ತಾ ಇದ್ದೆ. ಅಮ್ಮ ಎಲ್ಲ ಕೇಳಿಸಿಕೊಂಡು ಹೇಳಿತು:

"ಅಲ್ಲ ಮಗಾ, ನಾಯಿ ರಕ್ತ ನೋಡ್ಸಕ್ಕೆ ಫಾರಿನ್‌ಗಂಟ ಕಳ್ಸಿದ್ದೀಯ. ನಂದು ಸುಗರ್ರು ನೋಡ್ಸಿ ಎಷ್ಟ್ ದಿನ ಆಯ್ತು ಹೇಳು?"

ಹೇಳಿ ನಕ್ಕುಬಿಟ್ಟಿತು. ಅದರಲ್ಲಿ ಕೊಂಕಿರಲಿಲ್ಲ, ನಿಜವಾಗ್ಲೂ ನಗೋಕೇ ಹೇಳಿದ್ದು. ನನಗೆ ನಗು ಬರಲಿಲ್ಲ. ಲೆಕ್ಕ ಹಾಕಿದೆ. ಹನ್ನೊಂದು ತಿಂಗಳಾಗಿತ್ತು.

ಆವತ್ತು ರಾತ್ರಿ ಯೋಚನೆ ಮಾಡಿದೆ. ನಾಯಿಯ ಮೇಲೆ ಅಮ್ಮನಿಗಿಂತ ಹೆಚ್ಚು ಪ್ರೀತಿನಾ ನನಗೆ? ಖಂಡಿತ ಇಲ್ಲ. ಆದರೆ ನಾಯಿಯ ಕೆಲಸಕ್ಕೆ ಡೆಡ್‌ಲೈನ್ ಇತ್ತು, ತಪ್ಪಿದರೆ ಯಾರೋ ಅಧಿಕಾರಿ ವಿಮಾನ ಹತ್ತಿಸಲ್ಲ. ಅಮ್ಮನ ಕೆಲಸಕ್ಕೆ ಡೆಡ್‌ಲೈನ್ ಇರಲಿಲ್ಲ, ಹಾಗಾಗಿ ಅದು ಬ್ಯಾಕ್‌ಲಾಗಿನಲ್ಲಿ ಕೂತಿತ್ತು. ನಾವು ಪ್ರೀತಿ ಅಂತ ತೋರಿಸೋ ಎಷ್ಟೋ ಕಾಳಜಿಗಳು ಹೊರಗಿನ ಯಾರೋ ಫಾರಂ ಕೇಳಿದ್ದಕ್ಕೆ ಆಗಿರೋವು. ಯಾರೂ ಕೇಳದೇ ಇದ್ದಾಗ ಏನು ಮಾಡ್ತೀವಿ ಅನ್ನೋದೇ ಅಸಲಿ ಲೆಕ್ಕ. ಈ ಲೆಕ್ಕದಲ್ಲಿ ನಾನು ಆವತ್ತು ಫೇಲು.

ಇರಲಿ, ನಾಯಿಯ ವಿಷಯಕ್ಕೆ ಬರ್ತೀನಿ.

ನಮ್ಮ ಮುಂದೆ ಇದ್ದ ದಾರಿಗಳು ನಾಲ್ಕು. ಒಂದು, ಊರಲ್ಲಿ ಅಮ್ಮನ ಹತ್ತಿರ ಬಿಡೋದು. ಎರಡು, ಬೆಂಗಳೂರಲ್ಲೇ ಯಾರಾದ್ರೂ ಒಳ್ಳೆಯವರಿಗೆ ಕೊಡೋದು. ಮೂರು, ಕಾರ್ಗೋದಲ್ಲಿ ಕಳಿಸೋದು. ನಾಲ್ಕು, ಸೀಟಿನ ಕೆಳಗೆ ಇಟ್ಟುಕೊಂಡು ಹೋಗೋದು. ಮನೆಯಲ್ಲಿ ಯಾರನ್ನ ಕೇಳಿದ್ರೂ ನಾಲ್ಕನೇದೇ ಸರಿ. ಮಗಳು "ಬುಗುರಿ ಇಲ್ದೆ ನಾನು ಬರಲ್ಲ" ಅಂತ ಮುಷ್ಕರ ಹೂಡಿದ್ದಳು. ಹೆಂಡತಿ ಮಾತ್ರ ಒಂದು ದಿನ ಮೆಲ್ಲಗೆ ಕೇಳಿದಳು, "ಇದನ್ನ ಕರ್ಕೊಂಡು ಹೋಗ್ತಿರೋದು ಅದಕ್ಕೋಸ್ಕರಾನಾ, ನಮಗೋಸ್ಕರಾನಾ?"

ಈ ತರದ ಪ್ರಶ್ನೆ ಬಂದಾಗ ನಮ್ಮಲ್ಲಿ ಎಲ್ಲರಿಗೂ ನೆನಪಾಗೋದು ಧರ್ಮರಾಯ. ನನ್ನ ಸ್ನೇಹಿತರೂ ಅದನ್ನೇ ಹೇಳಿದ್ರು: "ಬಿಡಮ್ಮ, ಧರ್ಮರಾಯನೇ ನಾಯಿ ಇಲ್ದೆ ಸ್ವರ್ಗಕ್ಕೆ ಹೋಗಲ್ಲ ಅಂದಿದ್ದ." ಕತೆ ನಿಮಗೂ ಗೊತ್ತು. ಮಹಾಪ್ರಸ್ಥಾನದಲ್ಲಿ ದ್ರೌಪದಿ ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು, ಹಿಂದೆ ಬಂದಿದ್ದ ನಾಯಿ ಮಾತ್ರ ಉಳಿಯಿತು. ಇಂದ್ರ ರಥ ತಂದು ನಿಲ್ಲಿಸಿ ನಾಯಿಗೆ ಜಾಗ ಇಲ್ಲ ಅಂದ. ನಂಬಿ ಬಂದಿರೋದನ್ನ ಬಿಟ್ಟು ಹತ್ತಲ್ಲ ಅಂತ ಇವನು. ವಾಹನಕ್ಕೆ ನಾಯಿ ಹತ್ತಿಸೋ ವಿಚಾರಕ್ಕೆ ನಡೆದ ಮೊದಲ ಜಗಳ ಇದೇ ಇರಬೇಕು!

ಸ್ನೇಹಿತರ ಮಾತು ಕೇಳಿ ನನಗೂ ಖುಷಿಯಾಯ್ತು, ಸುಳ್ಳು ಯಾಕೆ. ಆದರೆ ಕತೆಯನ್ನ ಸ್ವಲ್ಪ ನಿಧಾನವಾಗಿ ನೆನಪಿಸಿಕೊಂಡ್ರೆ ಮೂರು ಕಡೆ ಚುಚ್ಚುತ್ತೆ.

ಮೊದಲನೇದು, ಆ ನಾಯಿ ತನ್ನ ಕಾಲ ಮೇಲೆ ತಾನೇ ನಡೆದು ಬಂದಿತ್ತು. ಹಸ್ತಿನಾಪುರದಿಂದ ಹಿಮಾಲಯದವರೆಗೆ ಎಲ್ಲಿ ಬೇಕಾದ್ರೂ ನಿಂತುಬಿಡಬಹುದಿತ್ತು. ನಿಲ್ಲಲಿಲ್ಲ. ಅದರ ಒಪ್ಪಿಗೆ ಅದರ ಹೆಜ್ಜೆಯಲ್ಲೇ ಇತ್ತು. ನನ್ನ ನಾಯಿ ಜಿಪ್ ಹಾಕಿದ ಬ್ಯಾಗಿನಲ್ಲಿ ಬರೋದು.

ಎರಡನೇದು, ಧರ್ಮರಾಯ ನಾಯಿಗೋಸ್ಕರ ಸ್ವರ್ಗವನ್ನೇ ಬೇಡ ಅಂದ. ನಾನು ಏನನ್ನ ಬೇಡ ಅಂದೆ? ಮೇಲೆ ನಾಲ್ಕು ದಾರಿ ಬರೆದಿದ್ದೀನಲ್ಲ, ಅದರಲ್ಲಿ "ಹೋಗದೇ ಇರೋದು" ಅನ್ನೋ ಐದನೇ ದಾರಿ ಇಲ್ಲವೇ ಇಲ್ಲ. ಬರೆಯುವಾಗ ಕೂಡ ಹೊಳೆಯಲಿಲ್ಲ. ಹೋಗೋದು ಗ್ಯಾರಂಟಿ, ನಾಯಿಯನ್ನ ಅದಕ್ಕೆ ಹೊಂದಿಸೋದು ಹೇಗೆ ಅನ್ನೋದಷ್ಟೇ ನನ್ನ ಸಮಸ್ಯೆ. ಅವನು ನಾಯಿಗೋಸ್ಕರ ರಥ ನಿಲ್ಲಿಸಿದ. ನಾನು ರಥಕ್ಕೋಸ್ಕರ ನಾಯಿಯ ತೂಕ ಹಾಕಿದೆ.

ಮೂರನೇದು ಎಲ್ಲಕ್ಕಿಂತ ಗಟ್ಟಿ. ಇಂದ್ರ ಕೇಳ್ತಾನೆ, ತಮ್ಮಂದಿರನ್ನ, ಹೆಂಡತಿಯನ್ನೇ ಬಿಟ್ಟು ಬಂದಿದ್ದೀಯ, ನಾಯಿಯನ್ನ ಬಿಡೋಕೆ ಏನು ಅಂತ. ಅದಕ್ಕೆ ಧರ್ಮರಾಯನ ಉತ್ತರದ ತಾತ್ಪರ್ಯ ಇಷ್ಟು: ಅವರು ಸತ್ತ ಮೇಲೆ ಬಿಟ್ಟೆ, ಬದುಕಿಸೋಕೆ ನನ್ನ ಕೈಲಿ ಆಗಲಿಲ್ಲ. ಬದುಕಿದ್ದಾಗ ಬಿಡಲಿಲ್ಲ. ಇದನ್ನ ನೆನೆಸಿಕೊಂಡಾಗ ನನಗೆ ಬುಗುರಿ ಮರೆತುಹೋಯ್ತು. ಊರಲ್ಲಿ ಒಬ್ಬಳೇ ಇರೋ ಅಮ್ಮ ನೆನಪಾಯ್ತು. ನಾಯಿಯನ್ನ ಬಗಲಲ್ಲಿ ಇಟ್ಟುಕೊಂಡು ಬದುಕಿರೋ ತಾಯಿಯನ್ನ ಬಿಟ್ಟು ಹೋಗುವವನು ಧರ್ಮರಾಯನ ಹೆಸರು ಎತ್ತಬಾರದು. ಅವತ್ತಿನಿಂದ ಸ್ನೇಹಿತರಿಗೆ ಆ ಉದಾಹರಣೆ ಕೊಡಬೇಡ್ರಪ್ಪಾ ಅಂದುಬಿಟ್ಟೆ.

ಹಾಗಾದ್ರೆ ಒಪ್ಪಿಗೆ ಅಂದ್ರೇನು? ಇಲ್ಲಿ ನಮ್ಮೂರಿನ ಕರಿಯನ ಕತೆ ಹೇಳಬೇಕು.

ಕರಿಯ ನಮ್ಮ ನಾಯಿ ಅಂತ ನಾವು ಅಂದುಕೊಂಡಿದ್ವಿ. ಅದು ಏನಂದುಕೊಂಡಿತ್ತೋ ಗೊತ್ತಿಲ್ಲ. ರಾತ್ರಿ ನಮ್ಮ ಜಗಲಿ ಮೇಲೆ ಮಲಗೋದು, ಮಧ್ಯಾಹ್ನ ಹುಲ್ಲಿನ ಮೆದೆ ನೆರಳಲ್ಲಿ. ಮಜ್ಜಿಗೆಗೆ ಕಲಸಿದ ತಂಗಳು ಮುದ್ದೆ ನಮ್ಮ ಮನೇದು, ಬಾಡೂಟದ ಮೂಳೆ ಯಾರ ಮನೇದಾದ್ರೂ ಸರಿ. ಅದಕ್ಕೆ ಬೆಲ್ಟಿಲ್ಲ, ಹಗ್ಗ ಇಲ್ಲ. ನಾನು ಹಾಸನದ ಹಾಸ್ಟೆಲಿಗೆ ಹೊರಟಾಗೆಲ್ಲ ಬಸ್ ಸ್ಟಾಪಿನವರೆಗೂ ಬರ್ತಿತ್ತು. ಬಸ್ಸು ಹೊರಟ ಮೇಲೆ ಹಿಂದೆ ಓಡಿ ಬರುತ್ತೆ, ಸಿನಿಮಾದಲ್ಲಿ ಹಾಗೇ ತಾನೇ, ಅಂತ ನಾನು ಕಿಟಕಿಯಿಂದ ತಿರುಗಿ ನೋಡಿದ್ರೆ ಅದು ಆಗಲೇ ಅರಳಿಕಟ್ಟೆ ಹತ್ತಿರ ಇನ್ನೊಂದು ನಾಯಿಯ ಜೊತೆ ಮಾತಿಗೆ ನಿಂತಿರೋದು. ನನಗೆ ಆಗ ಬೇಜಾರಾಗ್ತಿತ್ತು. ಈಗ ಅನ್ನಿಸುತ್ತೆ, ಕರಿಯ ನನ್ನ ಹತ್ತಿರ ಬಂದಾಗೆಲ್ಲ ಅದಕ್ಕೆ ಬೆಲೆ ಇದ್ದದ್ದೇ ಬರದೇ ಇರೋಕೂ ಅದಕ್ಕೆ ಸಾಧ್ಯ ಇತ್ತು ಅನ್ನೋದ್ರಿಂದ. ಬೇಡ ಅನ್ನೋಕೆ ದಾರಿ ಇದ್ದಾಗಲೇ ಹೂಂ ಅಂದಿದ್ದಕ್ಕೆ ಅರ್ಥ.

ಬುಗುರಿಗೆ ಆ ದಾರಿ ಇಲ್ಲ. ಅದರ ಊಟ, ವಾಕಿಂಗು, ಉಚ್ಚೆ ಹೊಯ್ಯೋ ಟೈಮು ಕೂಡ ನಮ್ಮ ಕೈಲಿದೆ. ಏಳನೇ ಮಹಡಿಯ ಬಾಗಿಲು ತೆಗೆದುಕೊಂಡು ಅದೆಲ್ಲಿಗೆ ಹೋದೀತು? ಅದು ನಮ್ಮನ್ನ ಪ್ರೀತಿಸುತ್ತೆ, ಅನುಮಾನ ಇಲ್ಲ. ಆದರೆ ಬೇರೆ ಏನನ್ನೂ ಪ್ರೀತಿಸೋಕೆ ನಾವು ಬಿಟ್ಟಿಲ್ಲ ಅನ್ನೋದೂ ನಿಜ.

ಹಾಗಂತ ಹಳ್ಳಿ ನಾಯಿಯ ಸ್ವಾತಂತ್ರ್ಯವನ್ನ ಹಾಡಿ ಹೊಗಳೋಕೂ ಮನಸ್ಸು ಬರಲ್ಲ. ಕರಿಯನನ್ನ ಒಂದು ರಾತ್ರಿ ಚಿರತೆ ಜಗಲಿಯಿಂದಲೇ ಎತ್ತಿಕೊಂಡು ಹೋಯ್ತು. ಬೆಳಗ್ಗೆ ತೆಂಗಿನ ತೋಟದ ಬದುವಿನಲ್ಲಿ ರಕ್ತ ಇತ್ತು, ಅಷ್ಟೇ. ಅದಕ್ಕಿಂತ ಮುಂಚಿನದು ಲಾರಿಗೆ ಸಿಕ್ಕಿತ್ತು, ಅದಕ್ಕೂ ಮುಂಚಿನದಕ್ಕೆ ಹುಚ್ಚು ಹಿಡಿದು ಊರವರೇ ಹೊಡೆದು ಹಾಕಿದ್ರು. ಕರಿಯ ನಾಲ್ಕು ವರ್ಷ ಬದುಕಿತ್ತು. ಬುಗುರಿಗೆ ಈಗಲೇ ಐದಾಗಿದೆ, ಡಾಕ್ಟರು ಇನ್ನೂ ಏಳೆಂಟು ವರ್ಷ ಆರಾಮು ಅಂತಾರೆ. ಹಗ್ಗ ಇಲ್ಲದ ನಾಲ್ಕು ವರ್ಷ ಮೇಲಾ, ಹಗ್ಗದ ಹದಿಮೂರು ವರ್ಷ ಮೇಲಾ? ನನಗೆ ಉತ್ತರ ಗೊತ್ತಿಲ್ಲ. ಆದರೆ ಒಂದು ಗೊತ್ತು. ಕಾಡಿನಂಚಿನ ಜಗಲಿ ಮೇಲೆ ಬದುಕೋಕೆ ಕರಿಯನಿಗೆ ಬರ್ತಿತ್ತು, ಬುಗುರಿಗೆ ಬರಲ್ಲ. ಅದನ್ನ ಊರಲ್ಲಿ ಬಿಟ್ಟರೆ ಸ್ವಾತಂತ್ರ್ಯ ಕೊಟ್ಟ ಹಾಗಲ್ಲ, ಚಿರತೆಗೆ ಕೊಟ್ಟ ಹಾಗೆ. ಹೀಗೆ ಮೊದಲನೇ ದಾರಿ ಮುಚ್ಚಿತು.

ಎರಡನೇ ದಾರಿಗೆ, ಅಂದ್ರೆ ಬೇರೆಯವರಿಗೆ ಕೊಡೋದಕ್ಕೆ, ಒಂದು ಪರೀಕ್ಷೆ ಆಗಿಹೋಗಿತ್ತು. ಹಿಂದೊಮ್ಮೆ ಮದುವೆಗೆ ಹೋಗುವಾಗ ನಾಲ್ಕು ದಿನ ನಾಯಿ ಹಾಸ್ಟೆಲಿನಲ್ಲಿ ಬಿಟ್ಟಿದ್ವಿ. ಒಳ್ಳೆ ಜಾಗ, ಒಳ್ಳೆ ಜನ. ನಾಲ್ಕೂ ದಿನ ಸರಿಯಾಗಿ ಊಟ ಮಾಡದೆ ಬಾಗಿಲ ಕಡೆ ಮುಖ ಮಾಡಿ ಮಲಗಿತ್ತಂತೆ. ಇದೊಂದು ಸಾಕ್ಷಿ. ಬಾಯಿಬಿಟ್ಟು ಹೇಳಲಾಗದ ಜೀವ ಕೊಡೋ ಸಾಕ್ಷಿ ಹೀಗೇ ಇರುತ್ತೆ, ತಟ್ಟೆಯಲ್ಲಿ ಉಳಿದ ಅನ್ನದ ರೂಪದಲ್ಲಿ.

ಮೂರನೇದು ಕಾರ್ಗೋ. ಪ್ರಾಣಿ ಸಾಗಿಸೋ ವಿಮಾನದ ಹೊಟ್ಟೆಯಲ್ಲಿ ಗಾಳಿಯ ಒತ್ತಡ, ಉಷ್ಣಾಂಶ ಎಲ್ಲ ಹತೋಟಿಯಲ್ಲಿ ಇರುತ್ತೆ. ಜನ ಅಂದುಕೊಂಡ ಹಾಗೆ ಅದು ಹಿಮದ ಗುಹೆ ಅಲ್ಲ. ತೊಂದರೆ ಹೆಚ್ಚಾಗಿ ಆಗೋದು ಕೆಳಗೆ, ವಿಮಾನ ನಿಂತಿರುವಾಗ, ಬಿಸಿಲಲ್ಲಿ ಕಾಯುವಾಗ. ಅದರಲ್ಲೂ ಮೂತಿ ಚಪ್ಪಟೆ ಇರೋ ಜಾತಿಗಳಿಗೆ. ನಾಯಿ ಮೈ ತಂಪು ಮಾಡಿಕೊಳ್ಳೋದು ನಾಲಿಗೆ ಚಾಚಿ ಏದುಸಿರು ಬಿಟ್ಟು. ಪಗ್, ಬುಲ್‌ಡಾಗ್, ಶಿಟ್ಜು, ಇವಕ್ಕೆ ಉಸಿರಾಟದ ದಾರಿಯೇ ಇಕ್ಕಟ್ಟು. ಅದಕ್ಕೇ ಹಲವು ಕಂಪನಿಗಳು ಇವನ್ನ ಕಾರ್ಗೋದಲ್ಲಿ ತಗೊಳ್ಳೋದೇ ಇಲ್ಲ. ನಮ್ಮ ಬುಗುರಿ ಶಿಟ್ಜು.

ಇಲ್ಲಿ ನಾನು ತಪ್ಪೊಪ್ಪಿಕೊಳ್ಳಬೇಕು. ಆ ಮೂತಿ ಚಪ್ಪಟೆ ಆಗಿದ್ದು ಹೇಗೆ? ನೋಡೋಕೆ ಮಗುವಿನ ಮುಖದ ಹಾಗೆ ಇರಲಿ ಅಂತ ಮನುಷ್ಯರು ತಲೆತಲಾಂತರದಿಂದ ಆರಿಸಿ ಆರಿಸಿ ಮರಿ ಹಾಕಿಸಿದ್ದು. 2020ರ ಲಾಕ್‌ಡೌನಿನಲ್ಲಿ ಮನೆಯೊಳಗೆ ಹುಚ್ಚು ಹಿಡಿದ ಹಾಗೆ ಆಗಿ, ಫೋಟೋ ನೋಡಿ "ಅಯ್ಯೋ ಎಷ್ಟು ಮುದ್ದು" ಅಂತ ದುಡ್ಡು ಕೊಟ್ಟು ತಂದವರು ನಾವು. ಅದೇ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಬೀದಿನಾಯಿ ಹಾಕಿದ ಐದು ಮರಿ ಇದ್ವು, ಮೂಗು ನೆಟ್ಟಗಿದ್ದವು. ನಮ್ಮ ಕಣ್ಣಿಗೆ ಮುದ್ದಾಗಿ ಕಾಣಲಿ ಅಂತ ಅದರ ಉಸಿರನ್ನೇ ಕಿತ್ತುಕೊಂಡು, ಆಮೇಲೆ "ಪಾಪ, ಇದಕ್ಕೆ ಉಸಿರಾಟದ ಕಷ್ಟ, ಕ್ಯಾಬಿನ್ನಲ್ಲೇ ಕರ್ಕೊಂಡು ಹೋಗಬೇಕು" ಅಂತ ಕರುಣೆ ತೋರಿಸೋದು ಎಂಥಾ ಕರುಣೆ? ಗಾಯ ಮಾಡಿದವನೇ ಬ್ಯಾಂಡೇಜ್ ಸುತ್ತಿ ಹೆಮ್ಮೆಪಟ್ಟ ಹಾಗೆ. ಆದರೂ ಬ್ಯಾಂಡೇಜ್ ಸುತ್ತಲೇಬೇಕು, ಅದು ಬೇರೆ ಮಾತು.

ಹಾಗೆ ಉಳಿದಿದ್ದು ನಾಲ್ಕನೇ ದಾರಿ.

ಕೆಲವರು ನಿದ್ದೆ ಮಾತ್ರೆ ಕೊಡಿ, ಗೊತ್ತೇ ಆಗಲ್ಲ ಅದಕ್ಕೆ ಅಂದ್ರು. ನಮ್ಮ ಡಾಕ್ಟರು ಖಂಡಾತುಂಡ ಬೇಡ ಅಂದ್ರು. ಆ ಎತ್ತರದಲ್ಲಿ ಮತ್ತು ಬರಿಸೋ ಔಷಧಿ ಉಸಿರಾಟಕ್ಕೆ, ರಕ್ತದೊತ್ತಡಕ್ಕೆ ಅಪಾಯ. ಪಶುವೈದ್ಯರ ಸಂಘಗಳೂ ಇದನ್ನೇ ಹೇಳೋದು. ಅದರ ಬದಲು ಬ್ಯಾಗನ್ನ ಎರಡು ತಿಂಗಳ ಮುಂಚೆಯೇ ಹಾಲ್‌ನಲ್ಲಿ ಬಾಯಿ ತೆರೆದು ಇಡಿ, ಅದು ತಾನಾಗಿ ಒಳಗೆ ಹೋಗಿ ಮಲಗೋ ಹಾಗೆ ಆಗಲಿ ಅಂದ್ರು. ಇಟ್ವಿ. ಮೊದಲ ವಾರ ಮೂಸಿ ನೋಡಿ ದೂರ ಹೋಯ್ತು. ಮೂರನೇ ವಾರ ಮಗಳ ಹಳೇ ಫ್ರಾಕ್ ಒಂದನ್ನ ಒಳಗೆ ಹಾಕಿದ್ವಿ. ಐದನೇ ವಾರ ಮಧ್ಯಾಹ್ನದ ನಿದ್ದೆ ಅಲ್ಲೇ. ಜಿಪ್ ಹಾಕಿ ಕಾರಿನಲ್ಲಿ ಮೈಸೂರಿಗೆ ಹೋಗಿ ಬಂದ್ವಿ. ಬ್ಯಾಗಿನ ಮಟ್ಟಿಗಾದ್ರೂ ಬೇಡ ಅನ್ನೋಕೆ ಅದಕ್ಕೆ ಎರಡು ತಿಂಗಳು ಟೈಮ್ ಕೊಟ್ಟ ಹಾಗಾಯ್ತು. ಇಷ್ಟಕ್ಕೆಲ್ಲ ಒಪ್ಪಿಗೆ ಅನ್ನಬಹುದೋ ಇಲ್ಲವೋ, ಕೇಳೋ ಪ್ರಯತ್ನ ಅಂತೂ ಅನ್ನಬಹುದು.

ಇನ್ನೊಂದು ಘಟನೆಯನ್ನ ನಾನು ಆಗ ಪದೇ ಪದೇ ಓದಿದ್ದೆ. 2018ರ ಮಾರ್ಚಿನಲ್ಲಿ ಹ್ಯೂಸ್ಟನ್‌ನಿಂದ ನ್ಯೂಯಾರ್ಕಿಗೆ ಹೊರಟ ವಿಮಾನದಲ್ಲಿ ಒಂದು ಕುಟುಂಬದ ಜೊತೆ ಫ್ರೆಂಚ್ ಬುಲ್‌ಡಾಗ್ ಮರಿ ಇತ್ತು. ಕ್ಯಾಬಿನ್ನಿಗೆ ದುಡ್ಡು ಕಟ್ಟಿದ್ರು, ಬ್ಯಾಗೂ ಇತ್ತು. ವಿಮಾನದ ಸಿಬ್ಬಂದಿ ಆ ಬ್ಯಾಗನ್ನ ತಲೆ ಮೇಲಿನ ಲಗೇಜ್ ಗೂಡಿನಲ್ಲಿ ಇಡಿ ಅಂದ್ರು. ಇಟ್ರು. ಇಳಿಯುವಾಗ ನಾಯಿ ಸತ್ತಿತ್ತು. ಒಳಗೆ ನಾಯಿ ಇದ್ದದ್ದು ತನಗೆ ತಿಳಿಯಲಿಲ್ಲ ಅಂತ ಸಿಬ್ಬಂದಿ ಹೇಳಿದ್ರು, ಕಂಪನಿ ಕ್ಷಮೆ ಕೇಳಿತು. ಸಮವಸ್ತ್ರ ಹಾಕಿದವರು ಹೀಗೆ ಮಾಡಿ ಅಂದಾಗ ನಾನಾಗಿದ್ರೆ ಏನು ಮಾಡ್ತಿದ್ದೆ? ನಾನೂ ಬಹುಶಃ ಇಟ್ಟುಬಿಡ್ತಿದ್ದೆ. ಹಳ್ಳಿಯಿಂದ ಬಂದವರಿಗೆ ಕೌಂಟರಿನ ಆಚೆ ಕೂತವರ ಮಾತಿಗೆ ತಲೆ ಆಡಿಸೋದು ರಕ್ತದಲ್ಲೇ ಇರುತ್ತೆ. ಆವತ್ತೇ ನಿರ್ಧಾರ ಮಾಡಿದೆ, ಯಾರೇ ಏನೇ ಹೇಳಿದ್ರೂ ಬ್ಯಾಗು ನನ್ನ ಕಾಲಿನ ಹತ್ತಿರಾನೇ, ಆಗಲ್ಲ ಅಂದ್ರೆ ಇಳಿದು ವಾಪಸ್ ಬರ್ತೀನಿ ಅಂತ. ಎಂಟು ಕೆಜಿ ಅನ್ನೋದು ನಿಯಮ. ನಿಯಮ ಪಾಲಿಸಿದ ಮಾತ್ರಕ್ಕೆ ಜವಾಬ್ದಾರಿ ಬೇರೆಯವರ ಹೆಗಲಿಗೆ ಹೋಗಲ್ಲ. ತಾನಾಗಿ ಕೂಗಿ ಹೇಳಲಾಗದ ಜೀವದ ಪರವಾಗಿ ಕೂಗೋಕೆ ಒಬ್ಬ ಬೇಕು, ಆ ಒಬ್ಬ ನಾನೇ.

ಪ್ರಯಾಣದ ದಿನ ಬಂತು. ಊಟ ಆರು ಗಂಟೆ ಮುಂಚೆ, ಅದೂ ಅರ್ಧ. ಏರ್‌ಪೋರ್ಟಿನ ಹೊರಗೆ ಹುಲ್ಲಿನ ಮೇಲೆ ಮೂರು ಸಲ ಸುತ್ತಿಸಿದ್ವಿ. ಸೆಕ್ಯುರಿಟಿಯಲ್ಲಿ ಬ್ಯಾಗು ಎಕ್ಸ್‌ರೇಗೆ, ಬುಗುರಿ ನನ್ನ ತೋಳಲ್ಲಿ. ತಪಾಸಣೆಯ ಜವಾನ ಅದರ ತಲೆ ಸವರಿ "ಪಾಸ್‌ಪೋರ್ಟ್ ಎಲ್ಲಿ?" ಅಂತ ಹಿಂದಿಯಲ್ಲಿ ಕೇಳಿ ನಕ್ಕ.

ವಿಮಾನದಲ್ಲಿ ನಮ್ಮ ಸಾಲಿನ ಕೊನೆಯಲ್ಲಿ ಒಬ್ಬರು ಅಜ್ಜಿ. ಮಗಳ ಬಾಣಂತನಕ್ಕೆ ಹೊರಟವರು, ತುಮಕೂರಿನ ಕಡೆಯವರು. ಬ್ಯಾಗಿನ ಜಾಲರಿಯ ಹಿಂದೆ ಎರಡು ಕಣ್ಣು ಕಂಡಿದ್ದೇ ತಡ, ಎರಡೂ ಕಾಲು ಸೀಟಿನ ಮೇಲೆ ಎತ್ತಿಕೊಂಡು ಕೂತರು.

"ಅಜ್ಜಿ, ಕಚ್ಚಲ್ಲ" ಅಂದೆ.

"ನಾಯಿ ಸಾಕ್ದೋರೆಲ್ಲ ಹಂಗೇ ಹೇಳೋದು ಕಣಪ್ಪ."

ಚಿಕ್ಕವರಿದ್ದಾಗ ಅವರಿಗೆ ನಾಯಿ ಕಚ್ಚಿತ್ತಂತೆ. ಆಗಿನ ಕಾಲದ ಚಿಕಿತ್ಸೆ ಗೊತ್ತಲ್ಲ, ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ನು. ದಿನಾ ಆಸ್ಪತ್ರೆಗೆ ಅಪ್ಪ ಹೊತ್ತುಕೊಂಡು ಹೋಗ್ತಿದ್ರಂತೆ. ಅರವತ್ತು ವರ್ಷ ಆದ್ರೂ ಹೊಟ್ಟೆ ಮರೆತಿಲ್ಲ ಅಂದ್ರು. ಜಗತ್ತಿನಲ್ಲಿ ರೇಬೀಸಿನಿಂದ ಸಾಯೋ ಜನರಲ್ಲಿ ಸುಮಾರು ಮೂರನೇ ಒಂದು ಪಾಲು ನಮ್ಮ ದೇಶದವರು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಾಲ್ಕು ತಿಂಗಳು ನಾನು ಬೈದುಕೊಂಡು ಓಡಾಡಿದ್ದ ಆ ಚಿಪ್ಪು, ಆ ರಕ್ತ ಪರೀಕ್ಷೆ, ಆ ಮೂರು ತಿಂಗಳು ಕಾಯೋದು, ಎಲ್ಲದರ ಅರ್ಥ ಅಜ್ಜಿಯ ಮೇಲೆತ್ತಿದ ಕಾಲುಗಳಲ್ಲಿ ಇತ್ತು. 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್ ದಂಪತಿ ತಮ್ಮ ಎರಡು ಪುಟ್ಟ ನಾಯಿಗಳನ್ನ ಖಾಸಗಿ ವಿಮಾನದಲ್ಲಿ ಹೇಳದೇ ಕೇಳದೇ ಆಸ್ಟ್ರೇಲಿಯಾಕ್ಕೆ ಒಯ್ದಿದ್ರು. ವಾಪಸ್ ಕಳಿಸಿ, ಇಲ್ಲಾಂದ್ರೆ ಕೊಲ್ಲಿಸಬೇಕಾಗುತ್ತೆ ಅಂತ ಅಲ್ಲಿನ ಮಂತ್ರಿ ಗುಡುಗಿದಾಗ ಇಡೀ ಜಗತ್ತು ನಕ್ಕಿತ್ತು. ನಾನೂ ನಕ್ಕಿದ್ದೆ. ಮುಂದಿನ ವರ್ಷ ಹೆಂಡತಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು, ಇಬ್ಬರೂ ವಿಡಿಯೋದಲ್ಲಿ ಕ್ಷಮೆ ಕೇಳಬೇಕಾಯ್ತು. ಈಗ ಯೋಚಿಸಿದ್ರೆ, ನಾಯಿಯಿಂದ ರೇಬೀಸ್ ಹರಡದ ದೇಶಕ್ಕೆ ಆ ಭಯ ಪಡೋ ಹಕ್ಕು ಇದೆ. ನನ್ನ ಪ್ರೀತಿ ನನ್ನ ಮನೆಯೊಳಗೆ ದೊಡ್ಡದು. ಬಾಗಿಲ ಆಚೆ ಬಂದ ತಕ್ಷಣ ಅದು ಬೇರೆಯವರ ಭಯದ ಜೊತೆ, ಬೇರೆಯವರ ಅಲರ್ಜಿಯ ಜೊತೆ, ಸಾಲಿನಲ್ಲಿ ನಿಲ್ಲಬೇಕು.

ಗಗನಸಖಿಯನ್ನ ಕರೆದು ಸೀಟು ಬದಲಾಯಿಸಿಕೊಂಡ್ವಿ. ಅಜ್ಜಿ ಮೂರು ಸಾಲು ಹಿಂದೆ ಹೋದರು. ಹೋಗುವಾಗ "ಅದಕ್ಕೆ ನೀರು ಗೀರು ಕುಡಿಸ್ತೀಯಾ?" ಅಂತ ಕೇಳಿದ್ರು. ಭಯ ಇದ್ದವರಿಗೆ ಕರುಣೆ ಇರಲ್ಲ ಅಂತ ಅಂದುಕೊಂಡಿದ್ದು ನನ್ನ ತಪ್ಪು.

ಮನೆ ಬಿಟ್ಟಾಗಿನಿಂದ ಫ್ರಾಂಕ್‌ಫರ್ಟಿನಲ್ಲಿ ಹೊರಗೆ ಬರೋವರೆಗೆ ಹದಿನಾರು ಗಂಟೆ. ಐಸಿನ ಚೂರು ನೆಕ್ಕಿಸಿದ್ವಿ. ಟಾಯ್ಲೆಟ್ಟಿನಲ್ಲಿ ಪ್ಯಾಡ್ ಹಾಸಿ ಹತ್ತು ನಿಮಿಷ ಮೊಣಕಾಲೂರಿ ಕೂತು "ಮಾಡೋ, ಮಾಡೋ" ಅಂತ ಬೇಡಿಕೊಂಡೆ. ಮಾಡಲಿಲ್ಲ. ನನ್ನನ್ನೇ ನೋಡ್ತಾ ನಿಂತಿತ್ತು. ಬೈಗುಳ ಇರಲಿಲ್ಲ ಆ ಕಣ್ಣಲ್ಲಿ, ಬರೀ ಕಾಯೋದು ಇತ್ತು. ಇಷ್ಟೆಲ್ಲ ಯಾಕೆ ಅಂತ ಅದು ಕೇಳಿದ್ರೆ ನನ್ನ ಹತ್ತಿರ ಇದ್ದ ಉತ್ತರ "ಪ್ರಮೋಷನ್" ಅನ್ನೋ ಒಂದೇ ಪದ. ಅದನ್ನ ನಾಯಿಗೆ ಹೇಳೋಕೂ ಆಗಲ್ಲ, ಹೇಳಿದ್ರೂ ನಾಚಿಕೆ. ಕಸ್ಟಮ್ಸಿನ ಕೆಂಪು ದಾರಿಯಲ್ಲಿ ಕಾಗದ ತೋರಿಸಿ, ಚಿಪ್ ಓದಿಸಿ ಹೊರಗೆ ಬಂದು, ಮೊದಲು ಸಿಕ್ಕ ಮರದ ಬುಡದಲ್ಲಿ ಇಳಿಸಿದೆ. ಒಂದು ನಿಮಿಷದ ಮೇಲೆ ಆಯ್ತು. ಅಷ್ಟು ಹೊತ್ತು ಅದು ತಡೆದುಕೊಂಡಿತ್ತು.

ಈಗ ಇಲ್ಲಿಗೆ ಬಂದು ಒಂದು ವರ್ಷ. ಬುಗುರಿಗೆ ಮುನಿಸಿಪಾಲಿಟಿಗೆ ವರ್ಷಕ್ಕಿಷ್ಟು ಅಂತ ನಾಯಿ ತೆರಿಗೆ ಕಟ್ತೀನಿ, ಬ್ಯಾಗಿನಲ್ಲಿದ್ದರೆ ರೈಲಿನಲ್ಲಿ ಅದಕ್ಕೆ ಟಿಕೆಟ್ಟಿಲ್ಲ. ಬೇಸಿಗೆಯ ಬಿಸಿಲು ಕಡಿಮೆ, ಉಸಿರಾಟ ಬೆಂಗಳೂರಿಗಿಂತ ಆರಾಮು. ನೋಡು, ಒಳ್ಳೇದೇ ಆಯ್ತಲ್ಲ ಅಂತ ಹೇಳಿ ಕೈ ತೊಳೆದುಕೊಳ್ಳಬಹುದು. ಆದರೆ ಚೆನ್ನಾಗಿ ಆಗಿದ್ದು ಮಾಡಿದ್ದು ಸರಿ ಅನ್ನೋದಕ್ಕೆ ಸಾಕ್ಷಿ ಅಲ್ಲ. ಬಗ್ ಇರೋ ಪ್ರೋಗ್ರಾಂ ಕೂಡ ಎಷ್ಟೋ ಸಲ ಸರಿಯಾದ ಉತ್ತರ ಕೊಡುತ್ತೆ.

ನನಗೆ ಈಗ ಅನ್ನಿಸೋದು ಇಷ್ಟು. ಶಾಶ್ವತವಾಗಿ, ಇಲ್ಲವೇ ವರ್ಷಗಟ್ಟಲೆ ಮನೆ ಬದಲಾಯಿಸುವಾಗ, ನಮ್ಮನ್ನ ಬಿಟ್ಟರೆ ಬೇರೆ ಲೋಕವೇ ಇಲ್ಲದ ಹಾಗೆ ನಾವೇ ಬೆಳೆಸಿದ ಜೀವವನ್ನ ಕರೆದುಕೊಂಡು ಹೋಗೋದು ಕಡಿಮೆ ತಪ್ಪು. ಹದಿನೈದು ದಿನದ ಟೂರಿಗೆ, ಫೋಟೋಗೆ, ಮಗಳ ಹಠಕ್ಕೆ ಕರೆದುಕೊಂಡು ಹೋಗೋದು ತಪ್ಪು. ಹಾಗಾಗಿ ಕಳೆದ ಡಿಸೆಂಬರಿನಲ್ಲಿ ನಾವು ಮೂರು ವಾರಕ್ಕೆ ಊರಿಗೆ ಬಂದಾಗ ಅದನ್ನ ಕರೆತರಲಿಲ್ಲ. ಅದರ ಬದಲು ಹೆಂಡತಿ ಮೊದಲ ವಾರ ಅಲ್ಲೇ ಉಳಿದು, ನಾನು ಬೇಗ ವಾಪಸ್ ಹೋಗಿ, ಪಾಳಿ ಹಾಕಿಕೊಂಡ್ವಿ. ಇನ್ನು ಮುಂದೆ ಮೂಗು ಚಪ್ಪಟೆ ಮಾಡಿದ ನಾಯಿಯನ್ನ ದುಡ್ಡು ಕೊಟ್ಟು ತರೋದಿಲ್ಲ. ಇದನ್ನೆಲ್ಲ ನಾನು ಪುಣ್ಯ ಅಂತ ಅಂದುಕೊಂಡಿಲ್ಲ, ಸಾಲ ಅಂತ ಅಂದುಕೊಂಡಿದ್ದೀನಿ. ಕೇಳದೇ ತಗೊಂಡ ಹದಿನಾರು ಗಂಟೆಯ ಸಾಲ. ದಿನಾ ಸಂಜೆ ನದಿ ದಂಡೆಯಲ್ಲಿ ಹಗ್ಗ ಬಿಚ್ಚಿ, ಎಲ್ಲಿಗೆ ಹೋಗಬೇಕು ಅನ್ನೋದನ್ನ ಅದಕ್ಕೇ ಬಿಟ್ಟು, ಮುಕ್ಕಾಲು ಗಂಟೆ ಹಿಂದೆ ಹಿಂದೆ ನಡೀತೀನಿ. ಕಂತು ಕಟ್ತಾ ಇದ್ದೀನಿ.

ಮತ್ತೆ ಅಮ್ಮ. ಮಾತು ಬಾರದವರನ್ನ ಗಮನಿಸಬೇಕು, ಮಾತು ಬರೋರನ್ನ ಕೇಳಬೇಕು. ನಾನು ಮೊದಲನೇದನ್ನ ನಾಯಿಗೆ ಅಚ್ಚುಕಟ್ಟಾಗಿ ಮಾಡಿ, ಎರಡನೇದನ್ನ ಅಮ್ಮನಿಗೆ ಮಾಡೋದು ಮರೆತಿದ್ದೆ. ಹೊರಡೋಕೆ ಮುಂಚೆ ಊರಿಗೆ ಹೋಗಿ ನೇರವಾಗಿ ಕೇಳಿದೆ, "ಅಮ್ಮಾ, ನಾನು ಹೋಗ್ಲಾ, ಬೇಡ್ವಾ? ನೀನೂ ಬರ್ತೀಯಾ?" ಬೇಡ ಅಂದ್ರೆ ನಿಲ್ತಿದ್ದೆನಾ ಅನ್ನೋದು ನನಗೂ ಆ ಕ್ಷಣದಲ್ಲಿ ಖಾತ್ರಿ ಇರಲಿಲ್ಲ. ಆದರೆ ಐದನೇ ದಾರಿಯನ್ನ ಆವತ್ತಾದ್ರೂ ಪಟ್ಟಿಗೆ ಸೇರಿಸಿದ್ದೆ. ಅಮ್ಮ ಹಸುವಿಗೆ ಹುಲ್ಲು ಹಾಕ್ತಾ ಹೇಳಿತು, "ನಾನ್ ಬರಾಕಿಲ್ಲ, ಇದನ್ಯಾರು ನೋಡ್ಕತಾರೆ? ನೀನ್ ಹೋಗು. ಆದ್ರೆ ಫೋನ್ ಮಾಡ್ದಾಗ ಊಟ ಆಯ್ತಾ ಅಂತ ಒಂದನ್ನೇ ಕೇಳ್ಬ್ಯಾಡ."

ಈಗ ನನ್ನ ಎಕ್ಸೆಲ್ ಶೀಟಿನಲ್ಲಿ ಎರಡು ಸಾಲು ಹೆಚ್ಚಾಗಿದೆ. ಮೂರು ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣು. ಚಿಕ್ಕಪ್ಪನ ಮಗ ಕರೆದುಕೊಂಡು ಹೋಗ್ತಾನೆ, ರಿಪೋರ್ಟನ್ನ ವಾಟ್ಸಾಪ್ ಮಾಡ್ತಾನೆ. ಯಾವ ಅಧಿಕಾರಿಯೂ ಇದನ್ನ ಕೇಳಿಲ್ಲ, ತಪ್ಪಿದ್ರೆ ಯಾರೂ ವಿಮಾನದಿಂದ ಇಳಿಸಲ್ಲ. ಮೊನ್ನೆ ವಿಡಿಯೋ ಕಾಲಿನಲ್ಲಿ ಬುಗುರಿ ಅಡ್ಡ ಬಂದು ಸ್ಕ್ರೀನ್ ಮೂಸಿತು. ಅಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಇದು ದಪ್ಪ ಆಗೈತೆ ಕಣ್ಲಾ" ಅಂದಿತು.

ತೂಕ ಹಾಕಿದೆ. ಬ್ಯಾಗು ಬಿಟ್ಟು 6.8.